ನಗೆ ಗ್ಯಾಸ್, ಬೆನ್ನಿನ ಇಂಜೆಕ್ಷನ್, ಬ್ಲಡ್ ಕ್ಯಾನ್ಸರ್: ಸಿದ್ದಾಪುರದ ಒಬ್ಬ ಅಪ್ಪ ಕೇಳಿದ್ದಕ್ಕೆ

ಪ್ರಶ್ನೆ: ಡಾಕ್ಟ್ರೇ, ನಾನು ಸಿದ್ದಾಪುರದ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್. ಆರು ವರ್ಷದ ಮಗಳಿಗೆ ಎ.ಎಲ್.ಎಲ್. ಅನ್ನೋ ಬ್ಲಡ್ ಕ್ಯಾನ್ಸರ್, ಬೆಂಗಳೂರಲ್ಲಿ ಟ್ರೀಟ್‌ಮೆಂಟ್ ನಡೀತಾ ಉಂಟು, ಈಗ ಮೇಂಟೆನೆನ್ಸ್ ಹಂತ. ಪ್ರತಿ ಸಲ ಬೆನ್ನಿಗೆ ಇಂಜೆಕ್ಷನ್ ಹಾಕುವಾಗ ಅನಸ್ತೇಷಿಯಾ ಕೊಟ್ಟು ಮತ್ತು ಬರಿಸ್ತಾರೆ. ಇಷ್ಟು ಸಲ ಮತ್ತು ಬರಿಸಿದ್ರೆ ಮಗು ಮಂಕಾಗ್ತದೆ, ಬೇಡ ಅಂತ ಹೇಳು ಅಂತ ನಮ್ಮಮ್ಮ ದಿನಾ ಹೇಳ್ತಾರೆ. ಈಗ ಹುಳುಕು ಹಲ್ಲೊಂದು ಕೀಳಿಸ್ಬೇಕು, ಡೆಂಟಲ್ ಕ್ಲಿನಿಕ್ಕಲ್ಲಿ ನಗೆ ಗ್ಯಾಸ್ ಕೊಟ್ಟು ಕೀಳ್ತೇವೆ ಅಂದ್ರು. ಅದೇ ಗ್ಯಾಸನ್ನ ಹಿಂದೆ ಬ್ಲಡ್ ಕ್ಯಾನ್ಸರಿಗೆ ಔಷಧಿಯಾಗಿ ಕೊಡ್ತಿದ್ರು, ಒಳ್ಳೇದೇ ಅಂತ ನೆಂಟರೊಬ್ರು ಮೊಬೈಲಲ್ಲಿ ಓದಿ ಹೇಳಿದ್ರು, ನಿಜವಾ? ಇನ್ನೊಂದು, ಪಾಪು ಚಿಕ್ಕದಿದ್ದಾಗ ಹರ್ನಿಯಾ ಆಪರೇಷನ್ ಆಗಿತ್ತು, ಆಗ ಕೊಟ್ಟ ಅನಸ್ತೇಷಿಯಾದಿಂದ್ಲೇ ಈ ಕಾಯಿಲೆ ಬಂತೇನೋ ಅಂತ ನನ್ನ ಹೆಂಡ್ತಿ ಕೊರಗ್ತಾಳೆ.

ಉತ್ತರ: ಮೊದ್ಲು ಹಲ್ಲಿನ ವಿಷಯ ಹೇಳ್ತೇನೆ, ಯಾಕಂದ್ರೆ ಅದು ನಾಳೆ ನಾಡಿದ್ದರಲ್ಲಿ ಆಗೋದು, ಉಳಿದದ್ದು ನಿಧಾನಕ್ಕೆ ಮಾತಾಡ್ಬಹುದು. ನಗೆ ಗ್ಯಾಸ್ ಬೇಡ ಅಂತ ಹೇಳಿ. ನಿಮ್ಮ ಮಗಳು ಮೆಥೊಟ್ರೆಕ್ಸೇಟ್ ತಗೊಳ್ತಾ ಇದ್ದಾಳೆ, ಮೇಂಟೆನೆನ್ಸ್ ಅಂದ್ರೆ ಸಾಮಾನ್ಯವಾಗಿ ವಾರಕ್ಕೊಂದ್ಸಲ ಮಾತ್ರೆ, ಜೊತೆಗೆ ಆಗಾಗ ಬೆನ್ನಿಗೂ ಅದೇ ಔಷಧಿ. ಆ ಔಷಧಿಗೂ ಈ ಗ್ಯಾಸಿಗೂ ಆಗಿಬರೋದಿಲ್ಲ. ಹಲ್ಲನ್ನ ಲೋಕಲ್ ಇಂಜೆಕ್ಷನ್, ಅಂದ್ರೆ ಆ ಜಾಗ ಮಾತ್ರ ಮರಗಟ್ಟಿಸೋದು, ಕೊಟ್ಟು ಕೀಳ್ಬಹುದು, ಆದ್ರೆ ಅದಕ್ಕೂ ಮುಂಚೆ ಬೆಂಗಳೂರಿನ ನಿಮ್ಮ ಕ್ಯಾನ್ಸರ್ ಡಾಕ್ಟ್ರಿಗೆ ಫೋನ್ ಮಾಡಿ ಕೇಳ್ಬೇಕು, ರಕ್ತ ಪರೀಕ್ಷೆ ಮಾಡಿಸಿ ಪ್ಲೇಟ್‌ಲೆಟ್ ಎಷ್ಟಿದೆ, ಬಿಳಿ ಕಣದಲ್ಲಿ ಸೋಂಕು ತಡೆಯೋ ನ್ಯೂಟ್ರೋಫಿಲ್ ಎಷ್ಟಿದೆ ನೋಡ್ಬೇಕು, ಅವರು ಸರಿ ಅಂದ ಮೇಲೇ ಹಲ್ಲಿಗೆ ಕೈ ಹಾಕ್ಬೇಕು. ಹಲ್ಲು ಕಿತ್ತ ಗಾಯ ನಮಗೆಲ್ಲ ಸಣ್ಣ ವಿಷಯ, ಈ ಮಕ್ಕಳಲ್ಲಿ ಅಲ್ಲಿಂದ್ಲೇ ಸೋಂಕು ರಕ್ತಕ್ಕೆ ಇಳಿದುಬಿಡ್ಬಹುದು.

ಈಗ ನಿಮ್ಮ ನೆಂಟರು ಓದಿದ್ದು. ಅವರು ಸುಳ್ಳೇನೂ ಹೇಳಿಲ್ಲ, ಅರ್ಧ ಓದಿದ್ದಾರೆ ಅಷ್ಟೆ. ನಗೆ ಗ್ಯಾಸ್ ಅಂದ್ರೆ ನೈಟ್ರಸ್ ಆಕ್ಸೈಡನ್ನ ಲ್ಯುಕೇಮಿಯಾಕ್ಕೆ, ಅಂದ್ರೆ ಬ್ಲಡ್ ಕ್ಯಾನ್ಸರಿಗೆ, ಕೊಟ್ಟು ನೋಡಿದ್ದು ನಿಜ. ನಾನೂ ಅನಸ್ತೇಷಿಯಾ ಡಾಕ್ಟ್ರೇ, ಅನಸ್ತೇಷಿಯಾ ಓದುವವರು ಕೂಡ ಈ ಕಥೆಯನ್ನ ಒಂದು ಸಾಲಲ್ಲಿ ಓದಿ ಮುಂದೆ ಹೋಗ್ತಾರೆ, ನನಗೆ ಮಾತ್ರ ಇದು ನಮ್ಮ ಕಸುಬಿನ ಅತಿ ಮುಖ್ಯವಾದ ಕಥೆಗಳಲ್ಲಿ ಒಂದು ಅನ್ನಿಸ್ತದೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಸಹಿಸ್ಕೊಳ್ಳಿ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಭಯಂಕರವಾಗಿ ಹಬ್ಬಿತ್ತು. ಅಲ್ಲಿಯ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಸಾಂಕ್ರಾಮಿಕ ರೋಗ ವಿಭಾಗದ ಮುಖ್ಯಸ್ಥರು ಲಾಸೆನ್ ಅಂತ. ಉಸಿರಾಟದ ಸ್ನಾಯು ಸೋತ ಮಕ್ಕಳು ಒಂದರ ಹಿಂದೆ ಒಂದು ಸಾಯ್ತಾ ಇದ್ರು, ಆಗ ಬ್ಯೋರ್ನ್ ಇಬ್ಸೆನ್ ಅನ್ನೋ ಅನಸ್ತೇಷಿಯಾ ಡಾಕ್ಟ್ರನ್ನ ಕರೆಸಿದ್ರು. ಆಪರೇಷನ್ ಥಿಯೇಟರಲ್ಲಿ ನಾವು ಮಾಡೋ ಹಾಗೆ ಗಂಟಲಿಗೆ ಟ್ಯೂಬ್ ಹಾಕಿ, ರಬ್ಬರ್ ಬ್ಯಾಗ್ ಒತ್ತಿ ಒತ್ತಿ ಉಸಿರು ಕೊಡೋಣ ಅಂದವರು ಅವರೇ, ನೂರಾರು ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು ಹಗಲು ರಾತ್ರಿ ಬ್ಯಾಗ್ ಒತ್ತಿದ್ರು, ಸಾವು ಒಮ್ಮೆಲೇ ಇಳೀತು. ಇವತ್ತು ಎಲ್ಲಾ ದೊಡ್ಡಾಸ್ಪತ್ರೆಗಳಲ್ಲಿ ಐ.ಸಿ.ಯು. ಅಂತ ನಾವು ನೋಡೋದು ಶುರುವಾದದ್ದೇ ಅಲ್ಲಿಂದ ಅಂತ ಹೇಳ್ಬಹುದು.

ಪೋಲಿಯೋದಲ್ಲಿ ಕಲಿತದ್ದನ್ನ ಅವರು ಧನುರ್ವಾಯು ರೋಗಿಗಳಿಗೂ ಉಪಯೋಗಿಸಿದ್ರು. ಧನುರ್ವಾಯು ಅಂದ್ರೆ ಮೈಯೆಲ್ಲ ಬಿಲ್ಲಿನ ಹಾಗೆ ಸೆಟೆದುಕೊಳ್ಳೋದು, ಅದನ್ನ ತಡೀಲಿಕ್ಕೆ ಸ್ನಾಯು ಸಡಿಲ ಮಾಡೋ ಔಷಧಿ ಕೊಟ್ಟು ವೆಂಟಿಲೇಟರಲ್ಲಿ ಇಡ್ಬೇಕು, ಆದ್ರೆ ರೋಗಿಗೆ ಎಚ್ಚರ ಇರ್ತದಲ್ಲ, ಆ ಹಿಂಸೆ ಗೊತ್ತಾಗಬಾರದು ಅಂತ ನಗೆ ಗ್ಯಾಸನ್ನ ದಿನಗಟ್ಟಲೆ ಕೊಡ್ತಾ ಹೋದ್ರು. ಆ ಕಾಲದಲ್ಲಿ ಅದಕ್ಕಿಂತ ಸುರಕ್ಷಿತ ಗ್ಯಾಸ್ ಇನ್ನೊಂದಿಲ್ಲ ಅಂತಲೇ ಎಲ್ಲರ ನಂಬಿಕೆ. ಆದ್ರೆ ಕೆಲವು ದಿನ ಆಗ್ತಿದ್ದಂಗೆ ರೋಗಿಗಳ ಬಿಳಿ ರಕ್ತಕಣ ಇಳೀಲಿಕ್ಕೆ ಶುರುವಾಯ್ತು, ಪ್ಲೇಟ್‌ಲೆಟ್ಟೂ ಇಳೀತು, ಬೋನ್ ಮ್ಯಾರೋ ಅಂದ್ರೆ ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದ್ರೆ ರಕ್ತ ತಯಾರಿ ನಿಂತೇ ಹೋಗ್ತಾ ಇತ್ತು. ಲಾಸೆನ್ ಮತ್ತವರ ಜೊತೆಯವರು ಅದನ್ನ ಮುಚ್ಚಿಡ್ಲಿಲ್ಲ, 1956ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ್ರು, ತಾವೇ ಕೊಟ್ಟ ಗ್ಯಾಸು ಮ್ಯಾರೋವನ್ನ ಕೆಡಿಸ್ತಾ ಉಂಟು ಅಂತ. ಇದಕ್ಕೆ ಧೈರ್ಯ ಬೇಕು ನೋಡಿ.

ಆಮೇಲೆ ಅವರಿಗೆ ಹೊಳೆದದ್ದು ಇದು: ಬಿಳಿ ಕಣ ಇಳಿಸ್ತದೆ ಅಂದ್ರೆ, ಬಿಳಿ ಕಣ ಮಿತಿ ಮೀರಿ ಹೆಚ್ಚಾಗೋ ಕಾಯಿಲೆಗೆ ಇದನ್ನೇ ಕೊಟ್ರೆ? 1959ರಲ್ಲಿ ಲಾಸೆನ್ ಮತ್ತು ಕ್ರಿಸ್ಟೆನ್ಸನ್ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನೋ ಇನ್ನೊಂದು ಬಗೆಯ ಬ್ಲಡ್ ಕ್ಯಾನ್ಸರಿನವರಿಗೆ ನಗೆ ಗ್ಯಾಸನ್ನ ತುಂಬಾ ಹೊತ್ತು ಕೊಟ್ಟು ನೋಡಿದ್ರು, ಕೌಂಟ್ ಇಳೀತು, ಕಾಯಿಲೆ ತಾತ್ಕಾಲಿಕವಾಗಿ ಹತೋಟಿಗೆ ಬಂತು ಅಂತ ವರದಿ ಮಾಡಿದ್ರು. 1963ರ ಸುಮಾರಿಗೆ ಅಮೆರಿಕದಲ್ಲೂ ಇದೇ ಥರ ಪ್ರಯತ್ನ ಆಯ್ತು. ಗ್ಯಾಸ್ ಇರೋ ತನಕ ಕೌಂಟ್ ಕೆಳಗೆ, ಗ್ಯಾಸ್ ನಿಲ್ಲಿಸಿದ್ರೆ ಮತ್ತೆ ಮೇಲೆ. ಯಾರಿಗೂ ಕಾಯಿಲೆ ಗುಣ ಆಗ್ಲಿಲ್ಲ, ದಿನಗಟ್ಟಲೆ ಒಬ್ಬ ಮನುಷ್ಯನನ್ನ ಮಂಪರಲ್ಲಿ ಇಟ್ಕೊಂಡು ಎಷ್ಟು ಕಾಲ ನಡೆಸ್ಲಿಕ್ಕಾಗ್ತದೆ ಹೇಳಿ. ಅಲ್ಲಿಗೆ ಆ ಪ್ರಯೋಗ ಬಿದ್ದುಹೋಯ್ತು. ಆ ಕಾಯಿಲೆಗೆ ನಿಜವಾದ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ, 1960ರಲ್ಲಿ ಅಮೆರಿಕದ ನೋವೆಲ್ ಮತ್ತು ಹಂಗರ್‌ಫೋರ್ಡ್ ಆ ಕ್ಯಾನ್ಸರ್ ಕಣಗಳಲ್ಲಿ ಇರೋ ಫಿಲಡೆಲ್ಫಿಯಾ ಕ್ರೋಮೋಸೋಮ್ ಅನ್ನೋ ದೋಷ ಕಂಡು ಹಿಡಿದ್ರು, 2001ರಲ್ಲಿ ಆ ದೋಷದ ಕೆಲಸವನ್ನ ತಡೆಯೋ ಇಮ್ಯಾಟಿನಿಬ್ ಮಾತ್ರೆ ಬಂತು. ನಿಮ್ಮ ಮಗಳದ್ದು ಅದಲ್ಲ, ಎ.ಎಲ್.ಎಲ್. ಬೇರೆ ಕಾಯಿಲೆ. ಹಾಗಾಗಿ ನೆಂಟರಿಗೆ ಹೇಳಿ, ಕೊಟ್ಟು ನೋಡಿದ್ದು ಹೌದು, ವಾಸಿ ಆದದ್ದು ಇಲ್ಲ, ಅದೂ ಬೇರೆ ಲ್ಯುಕೇಮಿಯಾಕ್ಕೆ.

ಆದ್ರೆ ಗ್ಯಾಸು ಮ್ಯಾರೋಗೆ ಮಾಡಿದ್ದಾದ್ರೂ ಏನು? ಇದು ಗೊತ್ತಾಗ್ಲಿಕ್ಕೆ ಇನ್ನೂ ಸುಮಾರು ವರ್ಷ ಹಿಡೀತು. ಬಿ12 ವಿಟಮಿನ್ ಒಳಗೆ ನಡುಮಧ್ಯ ಒಂದು ಕೋಬಾಲ್ಟ್ ಪರಮಾಣು ಇರ್ತದೆ. ನೈಟ್ರಸ್ ಆಕ್ಸೈಡ್ ಆ ಕೋಬಾಲ್ಟನ್ನ ಆಕ್ಸಿಡೈಸ್ ಮಾಡಿ ಕೆಲಸಕ್ಕೆ ಬಾರದ ಹಾಗೆ ಮಾಡ್ತದೆ ಅಂತ 1968ರಲ್ಲಿ ಕೆಮಿಸ್ಟ್ರಿಯವರು ತೋರಿಸಿದ್ರು. 1978ರಲ್ಲಿ ಲಂಡನ್‌ನಲ್ಲಿ, ಹಾರ್ಟ್ ಆಪರೇಷನ್ ಆದ ಮೇಲೆ 24 ಗಂಟೆ ಈ ಗ್ಯಾಸ್ ತಗೊಂಡ ರೋಗಿಗಳ ಮ್ಯಾರೋ ನೋಡಿದಾಗ ಬಿ12 ಕೊರತೆಯವರದ್ದರ ಥರವೇ ಕಾಣಿಸ್ತು. ಬಿ12 ಕೆಟ್ರೆ ಮೆಥಿಯೋನಿನ್ ಸಿಂಥೇಸ್ ಅನ್ನೋ ಎಂಜೈಮ್ ನಿಲ್ತದೆ, ಆ ಎಂಜೈಮ್ ನಿಂತ್ರೆ ಫೋಲೇಟ್ ಅಂದ್ರೆ ಫೋಲಿಕ್ ಆಸಿಡ್ ದೇಹದಲ್ಲಿ ಇದ್ರೂ ಉಪಯೋಗಕ್ಕೆ ಬರದ ರೂಪದಲ್ಲಿ ಸಿಕ್ಕಾಕೊಳ್ತದೆ, ಫೋಲೇಟ್ ಸಿಗದೆ ಹೊಸ ಡಿ.ಎನ್.ಎ. ಆಗೋದಿಲ್ಲ, ಡಿ.ಎನ್.ಎ. ಆಗದೆ ಹೊಸ ಕಣ ಹುಟ್ಟೋದಿಲ್ಲ. ಮ್ಯಾರೋ ಅಂದ್ರೆ ದಿನಾ ಕೋಟಿಗಟ್ಟಲೆ ಕಣ ಹುಟ್ಟಿಸೋ ಜಾಗ, ಮೊದಲ ಪೆಟ್ಟು ಬೀಳೋದು ಅಲ್ಲಿಗೇ. ಇನ್ನೊಂದು ವಿಷಯ ಏನಂದ್ರೆ, ಗ್ಯಾಸ್ ನಿಲ್ಲಿಸಿದ ತಕ್ಷಣ ಎಂಜೈಮ್ ಸರಿ ಆಗೋದಿಲ್ಲ, ದೇಹ ಹೊಸದಾಗಿ ತಯಾರು ಮಾಡ್ಕೊಳ್ಬೇಕು, ದಿನಗಳೇ ಬೇಕು.

ಈಗ ಮೆಥೊಟ್ರೆಕ್ಸೇಟ್‌ಗೆ ಬನ್ನಿ. ಅದೂ ಇದೇ ಫೋಲೇಟಿಗೇ ಕೈ ಹಾಕೋ ಔಷಧಿ, ಜಾಗ ಮಾತ್ರ ಬೇರೆ. 2018ರ ಆಗಸ್ಟಲ್ಲಿ ಮಡಿಕೇರಿ ಸಂಪಾಜೆ ರಸ್ತೆ ಜೋಡುಪಾಲದ ಹತ್ರ ಗುಡ್ಡ ಜರಿದು ನಿಂತದ್ದು ನಿಮಗೆ ನೆನಪಿರ್ತದೆ, ಒಂದು ಕಡೆ ಜರಿದ್ರೆ ಹೇಗೋ ಸ್ವಲ್ಪ ಸ್ವಲ್ಪ ಬಿಡಿಸ್ಕೊಂಡು ಹೋಗ್ಬಹುದು, ಅದೇ ರಸ್ತೆಯಲ್ಲಿ ಇನ್ನೊಂದು ಕಡೆಯೂ ಜರಿದ್ರೆ ಮಧ್ಯದಲ್ಲಿ ಇದ್ದವರ ಗತಿ ಮುಗೀತು. ಕ್ಯಾನ್ಸರ್ ಡಾಕ್ಟ್ರು ಲೆಕ್ಕ ಹಾಕಿ ಒಂದು ಕಡೆ ಅಡ್ಡ ಹಾಕಿರ್ತಾರೆ, ಎಷ್ಟು ಹಾಕ್ಬೇಕು ಅಂತ ಮಗುವಿನ ಎತ್ತರ ತೂಕ ನೋಡಿ ಡೋಸ್ ಕೊಟ್ಟಿರ್ತಾರೆ. ಅದರ ಮೇಲೆ ನಾವು ಗ್ಯಾಸ್ ಕೊಟ್ರೆ ಅವರ ಲೆಕ್ಕವೇ ತಪ್ಪಿ ಹೋಗ್ತದೆ, ಬಾಯಿ ಹುಣ್ಣು ಜಾಸ್ತಿ ಆಗ್ಬಹುದು, ಕೌಂಟ್ ಬೀಳ್ಬಹುದು, ಮೆದುಳು ಬೆನ್ನುಹುರಿಗೆ ಮೆಥೊಟ್ರೆಕ್ಸೇಟಿನ ತೊಂದರೆ ಹೆಚ್ಚಾಗ್ಬಹುದು ಅನ್ನೋ ಆತಂಕವೂ ಉಂಟು. ನಿಜ ಹೇಳ್ಬೇಕಂದ್ರೆ ಎಲ್ಲಾ ಡಾಕ್ಟ್ರೂ ಇದನ್ನ ಒಪ್ಪೋದಿಲ್ಲ, ಹತ್ತು ನಿಮಿಷದ ಗ್ಯಾಸಿಂದ ಏನಾಗ್ತದೆ ಅಂತ ಕೇಳೋರು ಇದ್ದಾರೆ, ಯುರೋಪಿನ ಕೆಲವು ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಬೆನ್ನಿನ ಸೂಜಿ ಹಾಕುವಾಗ ಇದೇ ಗ್ಯಾಸನ್ನ ಆಕ್ಸಿಜನ್ ಜೊತೆ ಅರ್ಧರ್ಧ ಸೇರಿಸಿ ಕೊಟ್ಟದ್ದೂ ಉಂಟು. ಆರೋಗ್ಯವಾಗಿರೋ ಮಗುವಿಗೆ ಹಲ್ಲಿಗೋಸ್ಕರ ಹತ್ತು ನಿಮಿಷ ಕೊಟ್ರೆ ನನಗೂ ಅಭ್ಯಂತರ ಇಲ್ಲ. ಆದ್ರೆ ಬೇರೆ ಒಳ್ಳೆ ಔಷಧಿ ಕೈಯಲ್ಲಿರುವಾಗ ಮೆಥೊಟ್ರೆಕ್ಸೇಟ್ ಮೇಲಿರೋ ಮಗುವಿಗೆ ಯಾಕೆ ಕೊಡ್ಬೇಕು ಅನ್ನೋದು ನನ್ನ ಪ್ರಶ್ನೆ, ನಾನಂತೂ ಕೊಡೋದಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಫೋಲೇಟ್ ಕಮ್ಮಿ ಆಗ್ತದೆ ಅಂತ ಓದಿ ಮೆಡಿಕಲ್ ಶಾಪಿಂದ ಫೋಲಿಕ್ ಆಸಿಡ್ ಮಾತ್ರೆ ತಂದು ಮಗುವಿಗೆ ಶುರು ಮಾಡೋರು ಇದ್ದಾರೆ, ದಯವಿಟ್ಟು ಡಾಕ್ಟ್ರನ್ನ ಕೇಳದೆ ಹಾಗೆ ಮಾಡ್ಬೇಡಿ. ಇದರ ಹಿಂದೆಯೂ ಒಂದು ಕಥೆ ಉಂಟು, ಅದರಲ್ಲಿ ನಮ್ಮ ದೇಶವೂ ಬರ್ತದೆ. ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ಡಾಕ್ಟ್ರಮ್ಮ ಮುಂಬೈಗೆ ಬಂದು ಗರ್ಭಿಣಿಯರ ರಕ್ತಹೀನತೆ ಬಗ್ಗೆ ಕೆಲಸ ಮಾಡಿದ್ರು, ಯೀಸ್ಟಿನ ಸಾರ ಕೊಟ್ರೆ ಗುಣ ಆಗ್ತದೆ ಅಂತ 1931ರಲ್ಲಿ ಬರೆದ್ರು, ಆ ಸಾರದಲ್ಲಿ ಇದ್ದದ್ದೇ ಫೋಲೇಟ್. ಮುಂದೆ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇರೋ ಮಕ್ಕಳಿಗೆ ಫೋಲೇಟ್ ಜಾತಿಯ ಔಷಧಿ ಕೊಟ್ರೆ ಕಾಯಿಲೆ ಇನ್ನೂ ಜೋರಾಗೋ ಹಾಗೆ ಕಾಣ್ತದಲ್ಲ ಅಂತ ಗಮನಿಸಿದ್ರು, ಹಾಗಾದ್ರೆ ಫೋಲೇಟಿಗೆ ವಿರುದ್ಧವಾದದ್ದನ್ನ ಕೊಟ್ರೆ ಹೇಗೆ ಅಂತ ಯೋಚನೆ ಮಾಡಿದ್ರು. ಆ ವಿರುದ್ಧದ ಔಷಧಿಗಳನ್ನ ಅವರಿಗೆ ಮಾಡಿಕೊಟ್ಟದ್ದು ಲೆಡರ್ಲೆ ಕಂಪನಿಯ ಲ್ಯಾಬು, ಅದರ ಸಂಶೋಧನೆ ನೋಡ್ಕೊಳ್ತಾ ಇದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಫಾರ್ಬರ್ ಅಮಿನೊಪ್ಟೆರಿನ್ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳಿಗೆ ತಾತ್ಕಾಲಿಕವಾಗಿ ಕಾಯಿಲೆ ಹಿಮ್ಮೆಟ್ತು ಅಂತ ಪ್ರಕಟ ಮಾಡಿದ್ರು. ನಿಮ್ಮ ಮಗಳು ನುಂಗೋ ಮೆಥೊಟ್ರೆಕ್ಸೇಟ್ ಅದೇ ಅಮಿನೊಪ್ಟೆರಿನ್ನಿನ ತಂಗಿ. ಸುಬ್ಬರಾವ್ ಅದೇ ವರ್ಷ ತೀರಿಹೋದ್ರು, ಅವರ ಹೆಸರು ನಮ್ಮ ಶಾಲೆ ಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಬರಬೇಕು ಅಂತ ನನಗೆ ಯಾವಾಗಲೂ ಅನ್ನಿಸ್ತದೆ.

ಇನ್ನು ನಿಮ್ಮಮ್ಮ ಹೇಳೋದು. ಅಜ್ಜಿಗೆ ಭಯ ಆಗೋದು ಸಹಜ, ಅವರನ್ನ ಬೈಬೇಡಿ. ಆದ್ರೆ ಬೆನ್ನಿಗೆ ಇಷ್ಟು ಸಲ ಸೂಜಿ ಯಾಕೆ ಅಂತ ಅವರಿಗೆ ಯಾರೂ ಕೂತು ಹೇಳಿರೋದಿಲ್ಲ. ಎ.ಎಲ್.ಎಲ್. ಕಣಗಳು ಮೆದುಳಿನ ಪೊರೆಗಳಲ್ಲಿ ಅಡಗಿ ಕೂರ್ತವೆ, ರಕ್ತಕ್ಕೆ ಕೊಟ್ಟ ಔಷಧಿ ಅಲ್ಲಿಗೆ ಸರಿಯಾಗಿ ಹೋಗೋದಿಲ್ಲ. 1960ರ ದಶಕದಲ್ಲಿ ಮಕ್ಕಳು ಗುಣ ಆದ್ರು ಅಂದ್ಕೊಳ್ಳುವಾಗಲೇ ತಲೆಯೊಳಗಿಂದ ಕಾಯಿಲೆ ವಾಪಸ್ ಬರ್ತಾ ಇತ್ತು. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಅನ್ನೋರು ತಲೆಗೆ ರೇಡಿಯೇಷನ್ ಮತ್ತು ಬೆನ್ನಿಗೆ ಮೆಥೊಟ್ರೆಕ್ಸೇಟ್ ಎರಡನ್ನೂ ಸೇರಿಸಿ ಕೊಟ್ಟ ಮೇಲೆ ಸುಮಾರು ಅರ್ಧದಷ್ಟು ಮಕ್ಕಳು ಉಳೀಲಿಕ್ಕೆ ಶುರುವಾದ್ರು, ಅಷ್ಟರ ತನಕ ಇದು ಬಂದ್ರೆ ಮುಗೀತು ಅನ್ನೋ ಕಾಯಿಲೆ. ಆದ್ರೆ ರೇಡಿಯೇಷನ್ ಆದ ಮಕ್ಕಳು ದೊಡ್ಡವರಾಗುವಾಗ ಓದಿನಲ್ಲಿ ಹಿಂದೆ ಬಿದ್ರು, ಬೆಳವಣಿಗೆ ಕುಂಠಿತ ಆಯ್ತು, ಕೆಲವರಿಗೆ ಮುಂದೆ ಮೆದುಳಿನ ಗಡ್ಡೆಗಳೂ ಬಂದವು. ಹಾಗಾಗಿ ರೇಡಿಯೇಷನ್ ಬಿಟ್ಟು, ಅದರ ಬದಲು ಬೆನ್ನಿನ ಇಂಜೆಕ್ಷನ್ ಜಾಸ್ತಿ ಮಾಡಿದ್ರೆ ಸಾಕಾ ಅಂತ ನೋಡಿದ್ರು. 2009ರಲ್ಲಿ ಅದೇ ಸೇಂಟ್ ಜೂಡಿನವರು 498 ಮಕ್ಕಳಿಗೆ ತಲೆಗೆ ರೇಡಿಯೇಷನ್ನೇ ಇಲ್ಲದೆ ಚಿಕಿತ್ಸೆ ಮಾಡಿದ ಫಲಿತಾಂಶ ಹೊರಗೆ ಹಾಕಿದ್ರು, ಐದು ವರ್ಷಕ್ಕೆ ಬದುಕಿದ್ದವರು 93.5 ಪರ್ಸೆಂಟ್. ಅಂದ್ರೆ ಅಜ್ಜಿ ಹೆದರ್ಕೊಳ್ಳೋ ಆ ಸೂಜಿ ಬಂದಿರೋದೇ ಮೊಮ್ಮಗಳ ಬುದ್ಧಿ ಉಳೀಲಿ ಅಂತ. ಇದನ್ನ ಅವರಿಗೆ ಹೇಳಿ.

ಸೂಜಿ ಬೇಕು, ಆದ್ರೆ ಮತ್ತು ಯಾಕೆ, ಗಟ್ಟಿಯಾಗಿ ಹಿಡ್ಕೊಂಡು ಹಾಕ್ಲಿಕ್ಕಾಗೋದಿಲ್ವಾ ಅಂತ ನೀವು ಕೇಳ್ಬಹುದು. ಹಿಂದೆ ಹಾಗೇ ಮಾಡ್ತಿದ್ರು, ಇಬ್ಬರು ಮೂವರು ಮಗುವನ್ನ ಮಡಚಿ ಹಿಡ್ಕೊಳ್ಳೋದು, ಮಗು ಕಿರಿಚೋದು, ಅಮ್ಮ ಹೊರಗೆ ಅಳೋದು. ಮುಂದಿನ ಸಲ ಆಸ್ಪತ್ರೆ ಗೇಟ್ ಕಂಡ್ರೇ ಮಗು ವಾಂತಿ ಮಾಡ್ತದೆ, ಮನೆಯವರಿಗೆ ನೋಡ್ಲಿಕ್ಕಾಗದೆ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಟ್ಟವರೂ ಇದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು ಉಂಟು, ಇದನ್ನ ಜನ ಕೇಳಿರೋದಿಲ್ಲ. ಮೊದಲನೇ ಸಲ ಸೂಜಿ ಹಾಕುವಾಗ ರಕ್ತದ ತುಂಬ ಕ್ಯಾನ್ಸರ್ ಕಣ ಇರ್ತವೆ. ಆಗ ಮಗು ಮಿಸುಕಾಡಿ ಸೂಜಿ ರಕ್ತನಾಳಕ್ಕೆ ತಾಗಿದ್ರೆ ಆ ರಕ್ತ ಬೆನ್ನುಹುರಿಯ ನೀರಿಗೆ ಸೇರ್ತದೆ, ಕ್ಯಾನ್ಸರ್ ಕಣವನ್ನ ನಾವೇ ಕೈಯಾರೆ ಒಳಗೆ ಕಳಿಸಿದ ಹಾಗೆ. ಮೊದಲ ಸೂಜಿಯಲ್ಲಿ ಹೀಗೆ ರಕ್ತ ಬೆರೆತ ಮಕ್ಕಳಲ್ಲಿ ಕಾಯಿಲೆ ವಾಪಸ್ ಬರೋದು ಜಾಸ್ತಿ ಅಂತ 2000ನೇ ಇಸವಿಯಲ್ಲಿ ಸೇಂಟ್ ಜೂಡಿಂದಲೇ ವರದಿ ಬಂತು. ಅದಕ್ಕೇ ಆ ದಿನ ಪ್ಲೇಟ್‌ಲೆಟ್ ಏರಿಸಿ, ಮಗುವನ್ನ ಪೂರ್ತಿ ಅಲ್ಲಾಡದ ಹಾಗೆ ಮಲಗಿಸಿ, ಕೈ ಪಳಗಿದ ಡಾಕ್ಟ್ರ ಹತ್ರ ಹಾಕಿಸೋದು. ಅನಸ್ತೇಷಿಯಾದವರು ನೋವು ಮರೆಸೋರು ಮಾತ್ರ ಅಂತ ಜನ ತಿಳ್ಕೊಂಡಿದ್ದಾರೆ, ಆ ಹತ್ತು ನಿಮಿಷದಲ್ಲಿ ನಾವೂ ಕ್ಯಾನ್ಸರ್ ಚಿಕಿತ್ಸೆಯನ್ನೇ ಮಾಡ್ತಾ ಇರ್ತೇವೆ.

ಹಾಗಂತ ಎಷ್ಟು ಸಲ ಮತ್ತು ಬರಿಸಿದ್ರೂ ಏನೂ ಆಗೋದಿಲ್ಲ ಅಂತ ನಾನು ಹೇಳಿದ್ರೆ ಅದೂ ಸುಳ್ಳು. 2016ರ ಡಿಸೆಂಬರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಒಂದು ಎಚ್ಚರಿಕೆ ಕೊಡ್ತು, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಉದ್ದದ ಅಥವಾ ಮತ್ತೆ ಮತ್ತೆ ಕೊಡೋ ಅನಸ್ತೇಷಿಯಾ ಮೆದುಳಿನ ಬೆಳವಣಿಗೆ ಮೇಲೆ ಪರಿಣಾಮ ಬೀರ್ಬಹುದು ಅಂತ. 2019ರಲ್ಲಿ ಎ.ಎಲ್.ಎಲ್. ಗುಣ ಆದ 212 ಮಕ್ಕಳನ್ನ ಪರೀಕ್ಷೆ ಮಾಡಿದ ಒಂದು ಅಧ್ಯಯನ ಬಂತು, ಒಟ್ಟು ಪ್ರೊಪೊಫಾಲ್ ಡೋಸ್ ಮತ್ತು ಅನಸ್ತೇಷಿಯಾದ ಒಟ್ಟು ಸಮಯ ಜಾಸ್ತಿ ಇದ್ದವರಲ್ಲಿ ಗಮನ, ಯೋಚನೆಯ ವೇಗ ಇಂಥ ಕೆಲವು ಪರೀಕ್ಷೆಗಳಲ್ಲಿ ಅಂಕ ಕಮ್ಮಿ ಕಾಣಿಸ್ತು. ಪ್ರೊಪೊಫಾಲ್ ಅಂದ್ರೆ ಹಾಲಿನ ಥರ ಬೆಳ್ಳಗಿರೋ ಇಂಜೆಕ್ಷನ್, ನೀವು ನೋಡಿರ್ತೀರಿ. ಇದರಿಂದ ಪ್ರೊಪೊಫಾಲೇ ಕಾರಣ ಅಂತ ಸಾಬೀತಾಗೋದಿಲ್ಲ, ಯಾಕಂದ್ರೆ ಮೆಥೊಟ್ರೆಕ್ಸೇಟ್ ಕೂಡ ಮೆದುಳಿಗೆ ಸ್ವಲ್ಪ ಪೆಟ್ಟು ಕೊಡ್ತದೆ, ಜಾಸ್ತಿ ಸಲ ಅನಸ್ತೇಷಿಯಾ ಆದವರು ಜಾಸ್ತಿ ಕಾಯಿಲೆ ಬಿದ್ದವರೂ ಆಗಿರ್ತಾರೆ, ಶಾಲೆ ತಪ್ಪಿರ್ತದೆ, ಯಾವುದರಿಂದ ಎಷ್ಟು ಅಂತ ಬಿಡಿಸೋದು ಕಷ್ಟ. ಆದ್ರೂ ನಮಗೆ ಅದರಿಂದ ಕೆಲಸ ಸಿಕ್ಕಿತು: ಅಗತ್ಯ ಇದ್ದಷ್ಟೇ ಕೊಡ್ಬೇಕು. ಒಂದು ಗಂಟೆ ಮುಂಚೆ ಬೆನ್ನಿಗೆ ಮರಗಟ್ಟೋ ಕ್ರೀಮ್ ಹಚ್ಚಿದ್ರೆ, ಅಥವಾ ಸೂಜಿ ಜಾಗಕ್ಕೆ ಲೋಕಲ್ ಕೊಟ್ರೆ, ಪ್ರೊಪೊಫಾಲ್ ಕಮ್ಮಿ ಸಾಕಾಗ್ತದೆ. ಮ್ಯಾರೋ ಟೆಸ್ಟೂ ಬೆನ್ನಿನ ಇಂಜೆಕ್ಷನ್ನೂ ಎರಡೂ ಬೇಕಿದ್ರೆ ಒಂದೇ ಸಲ ಮಲಗಿಸಿ ಎರಡನ್ನೂ ಮುಗಿಸ್ಬಹುದು. ಸ್ವಲ್ಪ ದೊಡ್ಡ ಮಕ್ಕಳು, ಹತ್ತು ಹನ್ನೆರಡು ವರ್ಷದವರು, ಚಿಕಿತ್ಸೆ ಕೊನೆ ಹಂತಕ್ಕೆ ಬರುವಾಗ ಬರೀ ಕ್ರೀಮ್ ಹಚ್ಚಿ ಎಚ್ಚರದಲ್ಲೇ ಹಾಕಿಸ್ಕೊಳ್ಳೋದೂ ಉಂಟು. ನೀವು ಅನಸ್ತೇಷಿಯಾ ಬೇಡ ಅಂತ ಹೇಳೋ ಬದಲು ಇದನ್ನ ಕೇಳಿ: ಯಾವ ಔಷಧಿ ಕೊಡ್ತೀರಿ, ಕ್ರೀಮ್ ಹಚ್ತೀರಾ, ನಗೆ ಗ್ಯಾಸ್ ಇಲ್ಲ ತಾನೇ. ಈ ಪ್ರಶ್ನೆ ಕೇಳಿದ್ರೆ ಯಾವ ಡಾಕ್ಟ್ರೂ ಸಿಟ್ಟು ಮಾಡ್ಕೊಳ್ಳೋದಿಲ್ಲ, ಮಾಡ್ಕೊಳ್ಳಲೂಬಾರದು.

ಕೊಡಗಿಂದ ಹೋಗೋರಿಗೆ ಇನ್ನೊಂದು ತಾಪತ್ರಯ ಉಂಟು, ಅದು ಹೊಟ್ಟೆ. ರಾತ್ರಿ ಎಂಟಕ್ಕೆ ಊಟ ಮಾಡಿಸಿ ಬಸ್ ಹತ್ತಿಸಿ, ಕುಶಾಲನಗರ ಪಿರಿಯಾಪಟ್ಟಣ ಹುಣಸೂರು ದಾಟಿ ಮೈಸೂರು ಮೇಲೆ ಬೆಳಗಿನ ಜಾವ ಬೆಂಗಳೂರು ಮುಟ್ಟಿ, ಅಲ್ಲಿ ಕ್ಯೂನಲ್ಲಿ ಕೂತು ಪಾಳಿ ಬರುವಾಗ ಮಧ್ಯಾಹ್ನ ಹನ್ನೆರಡು, ಅಲ್ಲಿ ತನಕ ಮಗುವಿಗೆ ಒಂದು ತೊಟ್ಟು ನೀರೂ ಕೊಟ್ಟಿರೋದಿಲ್ಲ. ಇದು ಬೇಕಾಗಿಲ್ಲ. ಅನ್ನ, ಹಾಲು, ಬಿಸ್ಕೆಟ್, ಗಂಜಿ ಇವಕ್ಕೆ ಆರು ಗಂಟೆ ಅಂತರ ಬೇಕು, ಆದ್ರೆ ಬರೀ ನೀರು, ಸಕ್ಕರೆ ನೀರು, ಸೋಸಿದ ತಿಳಿ ಜ್ಯೂಸ್ ಇಂಥದ್ದನ್ನ ಎರಡು ಗಂಟೆ ಮುಂಚೆ ತನಕ ಕೊಡ್ಬಹುದು, ನಿಮ್ಮ ಆಸ್ಪತ್ರೆಯವರ ನಿಯಮ ಕೇಳ್ಕೊಂಡು ಕೊಡಿ. ಮೇಂಟೆನೆನ್ಸಲ್ಲಿ ದಿನಾ ಕೊಡೋ 6-ಎಂ.ಪಿ. ಮಾತ್ರೆ ಇದ್ಯಲ್ಲ, ಅದನ್ನ ತಗೊಳ್ಳೋ ಕೆಲವು ಮಕ್ಕಳಿಗೆ ಜಾಸ್ತಿ ಹೊತ್ತು ಖಾಲಿ ಹೊಟ್ಟೆ ಇದ್ರೆ ಶುಗರ್ ಇಳಿದು ಬೆಳಿಗ್ಗೆ ಸುಸ್ತು, ಬೆವರು, ಮಂಪರು ಬರ್ತದೆ. ದೂರದಿಂದ ಬರ್ತೇವೆ, ನಮ್ಮ ಮಗುವನ್ನ ಲಿಸ್ಟಲ್ಲಿ ಮೊದಲು ಹಾಕಿ ಅಂತ ಕೇಳೋದ್ರಲ್ಲಿ ನಾಚಿಕೆ ಏನಿಲ್ಲ.

ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಮಕ್ಕಳ ಮೂಗು ಒಣಗೋದೇ ಇಲ್ಲ, ಅದು ನಮಗೆ ಮಾಮೂಲಿ, ಆದ್ರೆ ಶೀತ ಕೆಮ್ಮು ಇರೋ ಮಗುವಿಗೆ ಮತ್ತು ಬರಿಸಿದಾಗ ಗಂಟಲು ಬಿಗಿದು ಉಸಿರು ನಿಲ್ಲೋ ಅಪಾಯ ಜಾಸ್ತಿ. ಅಷ್ಟು ದೂರ ಬಂದಿದ್ದೇವೆ, ಹೇಳಿದ್ರೆ ವಾಪಸ್ ಕಳಿಸ್ತಾರೆ ಅಂತ ಮುಚ್ಚಿಡ್ಬೇಡಿ, ಹೊರಡೋ ಮುಂಚೆ ಫೋನ್ ಮಾಡಿ ಕೇಳಿ. ಜ್ವರ ಇದ್ರೆ ಅದು ಬೇರೆಯೇ ತುರ್ತು, ಆವಾಗ ಬೆಂಗಳೂರಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ, ಅಂದ್ರೆ ನಿಮಗೆ ವಿರಾಜಪೇಟೆ ಅಥವಾ ಮಡಿಕೇರಿಗೆ, ಗಂಟೆಯೊಳಗೆ ಹೋಗಿ ರಕ್ತ ಪರೀಕ್ಷೆ ಮತ್ತು ಆಂಟಿಬಯೋಟಿಕ್ ಶುರು ಆಗ್ಬೇಕು. ಹಾಂ, ಆರು ವರ್ಷ ಅಂದ್ರಿ, ಅಲ್ಲಾಡೋ ಹಾಲು ಹಲ್ಲು ಇದ್ರೆ ಅನಸ್ತೇಷಿಯಾದವರಿಗೆ ಅದನ್ನೂ ಹೇಳಿ, ಉದುರಿ ಶ್ವಾಸಕ್ಕೆ ಹೋದ್ರೆ ಕಷ್ಟ.

ಫೈಲಿನ ಮುಖ್ಯ ಹಾಳೆಗಳನ್ನ ಫೋಟೋ ತೆಗೆದು ಗಂಡ ಹೆಂಡತಿ ಇಬ್ಬರ ಮೊಬೈಲಲ್ಲೂ ಇಟ್ಕೊಳ್ಳಿ. ನಾಳೆ ಮಗು ಮರದಿಂದ ಬಿದ್ದು ಕೈ ಮುರ್ಕೊಂಡು ಇಲ್ಲೇ ಯಾವುದಾದ್ರೂ ಆಸ್ಪತ್ರೆಯಲ್ಲಿ ಆಪರೇಷನ್ ಆಗ್ಬೇಕಾದ್ರೆ, ಅಲ್ಲಿಯ ಅನಸ್ತೇಷಿಯಾ ಡಾಕ್ಟ್ರಿಗೆ ಬೇಕಾದದ್ದು ಅದರಲ್ಲೇ ಇರ್ತದೆ. ಡೌನೊರುಬಿಸಿನ್ ಥರದ ಕೆಂಪು ಔಷಧಿ ಹೋಗಿದ್ರೆ ಅದು ಹೃದಯದ ಮೇಲೆ ಪರಿಣಾಮ ಮಾಡ್ಬಹುದು, ಕೊನೆಯ ಎಕೋ ರಿಪೋರ್ಟ್ ಕೇಳ್ತಾರೆ. ಸ್ಟೆರಾಯ್ಡ್ ಇತ್ತೀಚೆಗೆ ತಗೊಂಡಿದ್ರೆ ದೇಹ ತಾನೇ ಮಾಡ್ಬೇಕಾದ ಸ್ಟೆರಾಯ್ಡನ್ನ ಮಾಡ್ತಾ ಇರೋದಿಲ್ಲ, ಆಪರೇಷನ್ ಹೊತ್ತಲ್ಲಿ ಇಂಜೆಕ್ಷನ್ ಆಗಿ ಕೊಡ್ಬೇಕಾಗ್ತದೆ, ಇಲ್ಲದಿದ್ರೆ ಬಿ.ಪಿ. ಬಿದ್ದು ಹೋಗ್ತದೆ. ಈ ಎರಡು ವಿಷಯ ಮನೆಯವರು ಹೇಳದೆ ಹೋದ್ರೆ ಮಗುವನ್ನ ನೋಡಿ ಯಾರಿಗೂ ಗೊತ್ತಾಗೋದಿಲ್ಲ.

ಇದು ನಿಮಗಲ್ಲ, ಇದನ್ನ ಓದೋ ಬೇರೆಯವರಿಗೆ. ಮಗುವಿಗೆ ಕತ್ತಿನಲ್ಲಿ ಗಂಟುಗಳಾಗಿವೆ, ಮಲಗಿದ್ರೆ ಉಸಿರು ಕಟ್ತದೆ, ರಾತ್ರಿ ಕೂತ್ಕೊಂಡೇ ನಿದ್ದೆ ಮಾಡ್ತದೆ, ಮುಖ ಊದಿದೆ ಅಂತಾದ್ರೆ, ಗಂಟು ತೆಗೆದು ಪರೀಕ್ಷೆ ಮಾಡ್ಲಿಕ್ಕೆ ಅಂತ ಪೂರ್ತಿ ಅನಸ್ತೇಷಿಯಾ ಕೊಡೋ ಮುಂಚೆ ಎದೆಯ ಎಕ್ಸ್‌ರೇ ಆಗ್ಲೇಬೇಕು. ಟಿ ಸೆಲ್ ಲ್ಯುಕೇಮಿಯಾ ಅನ್ನೋ ಬಗೆಯಲ್ಲಿ ಎದೆಯೊಳಗೆ ದೊಡ್ಡ ಗಡ್ಡೆ ಶ್ವಾಸನಾಳದ ಮೇಲೆ ಕೂತಿರ್ಬಹುದು, ಎಚ್ಚರ ಇದ್ದಾಗ ಮಗು ಹೇಗೋ ಉಸಿರಾಡ್ತಾ ಇರ್ತದೆ, ಮಲಗಿಸಿ ಮತ್ತು ಬರಿಸಿದ ಕ್ಷಣ ಸ್ನಾಯು ಸಡಿಲ ಆಗಿ ನಾಳ ಮುಚ್ಚಿ ಹೋಗ್ತದೆ, ಆಮೇಲೆ ಟ್ಯೂಬ್ ಹಾಕಿದ್ರೂ ಗಾಳಿ ಹೋಗದೆ ಇರ್ಬಹುದು. ಅನಸ್ತೇಷಿಯಾದವರಿಗೆ ಲ್ಯುಕೇಮಿಯಾದಲ್ಲಿ ಅತಿ ಹೆಚ್ಚು ಹೆದರಿಕೆ ಇರೋದು ಇದಕ್ಕೇ. ಇಂಥ ಮಕ್ಕಳಲ್ಲಿ ರಕ್ತದಿಂದ್ಲೋ, ಲೋಕಲ್ ಕೊಟ್ಟು ಮ್ಯಾರೋದಿಂದ್ಲೋ ಡಯಾಗ್ನೋಸಿಸ್ ಮಾಡ್ಲಿಕ್ಕೆ ನೋಡ್ತಾರೆ.

ಕೊನೇದು ನಿಮ್ಮ ಹೆಂಡತಿಯವರ ಕೊರಗು. ಹರ್ನಿಯಾ ಆಪರೇಷನ್ನಿನ ಅನಸ್ತೇಷಿಯಾದಿಂದ ಬ್ಲಡ್ ಕ್ಯಾನ್ಸರ್ ಬರ್ತದೆ ಅನ್ನೋದಕ್ಕೆ ಆಧಾರ ಇಲ್ಲ. ಥಿಯೇಟರಲ್ಲಿ ದಿನಾ ಈ ಗ್ಯಾಸುಗಳ ಮಧ್ಯೆ ಕೆಲಸ ಮಾಡೋ ನಮ್ಮಂಥವರ ಬಗ್ಗೆಯೇ 1970ರ ದಶಕದಲ್ಲಿ ಈ ಅನುಮಾನ ಎದ್ದಿತ್ತು, ಗ್ಯಾಸನ್ನ ಹೊರಗೆ ಎಳೆದುಹಾಕೋ ವ್ಯವಸ್ಥೆಗಳು ಬಂದದ್ದೂ ಆವಾಗಲೇ, ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಉಸಿರಲ್ಲಿ ಕೊಡೋ ಅನಸ್ತೇಷಿಯಾ ಔಷಧಿಗಳನ್ನ ಇಟ್ಟಿರೋದು ಮೂರನೇ ಗುಂಪಲ್ಲಿ, ಅಂದ್ರೆ ಕ್ಯಾನ್ಸರ್ ತರ್ತದೆ ಅಂತ ಹೇಳ್ಲಿಕ್ಕೆ ಸಾಕಷ್ಟು ಪುರಾವೆ ಇಲ್ಲದವು. ಮಕ್ಕಳ ಎ.ಎಲ್.ಎಲ್.ಗೆ ಹೆಚ್ಚಿನ ಸಲ ಒಂದು ಕಾರಣ ಅಂತ ಬೆರಳು ತೋರಿಸ್ಲಿಕ್ಕೇ ಆಗೋದಿಲ್ಲ, ಅಮ್ಮ ಮಾಡಿದ್ದು ಬಿಟ್ಟದ್ದರಿಂದ ಅಂತೂ ಅಲ್ಲ. ಬುದ್ಧಿ ಬೆಳವಣಿಗೆ ಲೆಕ್ಕದಲ್ಲೂ ಆ ಆಪರೇಷನ್ ಬಗ್ಗೆ ಹೆದರ್ಬೇಡಿ, ಏಳು ದೇಶಗಳ 722 ಹಸುಗೂಸುಗಳಿಗೆ, ಅದೂ ಇದೇ ಹರ್ನಿಯಾ ಆಪರೇಷನ್ನಿಗೆ, ಅರ್ಧ ಮಕ್ಕಳಿಗೆ ಪೂರ್ತಿ ಅನಸ್ತೇಷಿಯಾ ಉಳಿದವರಿಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ನೋಡಿದ್ದಾರೆ, ಐದು ವರ್ಷ ಆದ ಮೇಲೆ ಎರಡೂ ಗುಂಪಿನ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಇರ್ಲಿಲ್ಲ, 2019ರಲ್ಲಿ ಇದು ಪ್ರಕಟ ಆಗಿದೆ. ಆವತ್ತು ಹರ್ನಿಯಾ ಹಾಗೇ ಬಿಟ್ಟಿದ್ರೆ ಕರುಳು ಸಿಕ್ಕಾಕೊಂಡು ಮಗು ಅಲ್ಲೇ ಕಷ್ಟಕ್ಕೆ ಬೀಳ್ಬಹುದಿತ್ತು, ಮಾಡಿಸಿದ್ದು ಸರಿಯೇ.

ಹಲ್ಲಿನ ಡಾಕ್ಟ್ರ ಹತ್ರ ಹೋಗುವಾಗ ಹೊಸ ಕೌಂಟ್ ರಿಪೋರ್ಟ್ ತಗೊಂಡು ಹೋಗಿ, ಹಳೇದು ಆಗೋದಿಲ್ಲ. ಕಿತ್ತ ಮೇಲೆ ನೋವಿಗೆ ಬ್ರೂಫೆನ್ ಥರದ ಮಾತ್ರೆ ಬರೆದ್ರೆ ಅದನ್ನೂ ಬೆಂಗಳೂರಿಗೆ ಕೇಳದೆ ಕೊಡ್ಬೇಡಿ, ಅದು ಪ್ಲೇಟ್‌ಲೆಟ್ ಕೆಲಸವನ್ನ ತಡೀತದೆ, ಮೆಥೊಟ್ರೆಕ್ಸೇಟ್ ಮೈಯಿಂದ ಹೊರಗೆ ಹೋಗೋದನ್ನೂ ನಿಧಾನ ಮಾಡ್ತದೆ. ಪ್ಯಾರಾಸಿಟಮಾಲ್ ಸಾಕಾಗ್ತದೆ, ಆದ್ರೆ ಅದನ್ನ ಕೊಡೋ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿ, ಯಾಕಂದ್ರೆ ಅದು ಜ್ವರವನ್ನ ಮುಚ್ಚಿಬಿಡ್ತದೆ.